ಕೇಹಿಮಕರ ಅನ್ನೋ ಹೆಸರು ತಗೀಬ್ಯಾಡ ಬೆನ್ನಿ

ಬೆನ್ನಿ, ನಿನ್ನ ಮೆಸೇಜ್ ಈಗ ನೋಡಿದೆ. ಮಗಳು ಇಸ್ರೇಲಿನಾಗ ನೆಲಸೂ ಸಲುವಾಗಿ ಕಾಗದಪತ್ರ ಅಲ್ಲಿಗೆ ಕಳಸೂದು ಐತಿ, ಅಜ್ಜನ ರೈಲ್ವೆ ಸರ್ವಿಸ್ ಬುಕ್ಕಿನಾಗ ಎ. ಸ್ಯಾಮ್ಯುಯಲ್ ಅಂತ ಐತಿ, ನಿನ್ನ ಪಾಸ್‌ಪೋರ್ಟಿನಾಗ ಕೇಹಿಮಕರ, ಹುಡುಗಿ ಮಾರ್ಕ್ಸ್ ಕಾರ್ಡಿನಾಗ ಕಿಹಿಮ್ಕರ್, ಮೂರಕ್ಕ ಮೂರೂ ಬ್ಯಾರೆ, ಫೈಲ್ ವಾಪಸ್ ಬಂದ್ರ ಏನ್ ಮಾಡೂದು ಅಂತ ಕೇಳೀದಿ. ಮ್ಯಾಲೆ ಆ ಏಜೆಂಟ್ ಹೇಳ್ಯಾನಂತ, ಕರ ಅಂದ್ರ ಹಿಂದೂ ಹೆಸರು, ನೀವು ಯಹೂದಿಗಳು ಅಂತ ಅಲ್ಲಿ ಯಾರೂ ನಂಬಂಗಿಲ್ಲ, ಗೆಜೆಟ್ ಮಾಡಿಸಿ ಕೋಹೆನ್ ಅಂತ ಇಟ್ಕೊಂಡು ಬಿಡ್ರಿ ಅಂತ. ಓದಿದ ಕೂಡ್ಲೇ ನನ್ನ ಎದಿ ಧಸಕ್ಕಂತು. ಊಟ ಹಂಗ ಬಿಟ್ಟು ಹೇಳಾಕತ್ತೀನಿ. ಉದ್ದ ಆಗ್ತೈತಿ, ಎಲ್ಲಾರೂ ಪೂರ್ತಿ ಕೇಳ್ರಿ.

ಹೆಸರು ಬದಲ ಮಾಡಬ್ಯಾಡ. ಅದರಾಗೂ ಕೋಹೆನ್ ಅಂತ ಮಾತ್ರ ಸುತಾರಾಂ ಬ್ಯಾಡ.

ನಿಮ್ಮ ಇಸಾಕ್ ಕಾಕಾಂದು ಏನಾತು ಅನ್ನೂದು ಈ ಗ್ರೂಪಿನಾಗ ಅರ್ಧ ಮಂದಿಗೆ ಗೊತ್ತಿಲ್ಲ, ಗೊತ್ತಿದ್ದವರು ಬಾಯಿ ಬಿಡಂಗಿಲ್ಲ. ಅಂವ ನನ್ನ ಒಡಹುಟ್ಟಿದ ಅಣ್ಣ, ನಾನು ಹೇಳ್ತೀನಿ. ಎಪ್ಪತ್ತರ ದಶಕದಾಗ ಅಂವ ಇಸ್ರೇಲಿಗೆ ಹೊರಟು ನಿಂತಾಗ ಹಿಂತಾವನ ಒಬ್ಬ ಏಜೆಂಟ್ ಇದೇ ಮಾತು ಹೇಳಿದ್ದ. ಕೇಹಿಮಕರ ಅಂದ್ರ ನಿಮ್ಮನ್ನ ಮರಾಠಾ ಅಂತ ತಿಳೀತಾರ, ಕೋಹೆನ್ ಅಂದ್ರ ಎಲ್ಲಾ ಬಾಗಿಲ ತಾನ ತೆರೀತಾವ ಅಂದ. ಅಪ್ಪ ಎಷ್ಟ್ ಹೇಳಿದ್ರೂ ಇಸಾಕ್ ಕೇಳಲಿಲ್ಲ. ನೋಟರಿ ಕಡೆ ಅಫಿಡವಿಟ್ ಆತು, ಪೇಪರಿನಾಗ ಜಾಹೀರಾತು ಬಂತು, ಇಸಾಕ್ ಅಬ್ರಾಹಾಮ್ ಕೇಹಿಮಕರ ಹೋಗಿ ಇಸಾಕ್ ಕೋಹೆನ್ ಆದ.

ಅಲ್ಲಿ ಹೋದ ಮೊದಲನೇ ಶಬ್ಬಾತಿಗೇ, ಅಂದ್ರ ನಮ್ಮ ಶನಿವಾರದ ವಿಶ್ರಾಂತಿ ದಿನಾನೇ, ತ್ರಾಸ ಸುರು ಆತು. ಧರ್ಮಗ್ರಂಥ ತೋರಾ ಓದೂ ಹೊತ್ತಿನಾಗ ಮೊದಲ ಕರಿಯೋದು ಕೋಹೆನ್ನರನ್ನ, ಆರೋನನ ವಂಶದ ಯಾಜಕರು ಅಂತ. ಇವನ್ನ ಕರದ್ರು. ಇಂವ ಕುಂತಲ್ಲೇ ಕುಂತ. ನಮ್ಮ ಬೆನೆ ಇಸ್ರೇಲರೊಳಗ, ಅಂದ್ರ ನಮ್ಮ ಕೊಂಕಣದ ಯಹೂದಿಗಳೊಳಗ, ಕೋಹೆನ್ ಇಲ್ಲ, ಯಾಜಕರ ಕೈಕೆಳಗ ಸೇವಾ ಮಾಡೂ ಲೇವಿ ಕುಲನೂ ಇಲ್ಲ, ಹಿಂದಿಂದ ಬಂದದ್ದು ಹಂಗ. ನಾವೆಲ್ಲಾ ಬರೇ ಇಸ್ರಾಯೇಲ್, ಸಾದಾ ಯಹೂದಿ ಮಂದಿ. ಕೋಹೆನ್ನರಂಗ ಎರಡೂ ಕೈ ಎತ್ತಿ, ಬೆರಳ ಅಗಲಿಸಿ ಜನಕ್ಕ ಆಶೀರ್ವಾದ ಮಾಡೂದು ಅವನಿಗೆ ಯಾರ್ ಕಲಿಸಿದ್ರು? ಬಾಜೂಕ ಕುಂತವರು ಇವನ ಮಾರೀನ ನೋಡಾಕ್ಹತ್ರಂತ. ಇದನ್ನೆಲ್ಲಾ ಅಂವ ಬರದ ಪತ್ರ ಇನ್ನೂ ನನ್ನ ಕಡೆ ಐತಿ.

ಅದಾದ್ರೂ ಹೋಗ್ಲಿ. ಲೋದ್ ಊರಾಗ ಒಬ್ಬ ಹುಡುಗಿ ಸಿಕ್ಕಳು, ನಮ್ಮವರ ಪೈಕಿನೇ, ಅಲೀಬಾಗ ಕಡೆ ಮನೆತನ. ಭಾಳ ಛಲೋ ಹುಡುಗಿ. ಆದ್ರ ಒಮ್ಮೆ ಮದುವಿ ಆಗಿ ಸೋಡಚೀಟಿ ಆಗಿತ್ತು. ಮದುವಿ ನೋಂದಣಿ ಮಾಡ್ಸಾಕ ಹೋದ್ರ, ಕೋಹೆನ್ ಆದಾಂವ ಸೋಡಚೀಟಿ ಆದಾಕಿನ್ನ ಮಾಡಿಕೊಳ್ಳಾಕ ಬರಂಗಿಲ್ಲ ಅಂತ ಹೇಳಿ ಫೈಲ್ ಮುಚ್ಚಿದ್ರು. ಅದು ಅಲ್ಲಿ ಧರ್ಮದ ಕಾನೂನು, ಇವತ್ತಿಗೂ ಐತಿ, ಯಹೂದಿಗಳ ಮದುವಿ ಅಂದ್ರ ಅಲ್ಲಿ ರಬ್ಬಿಗಳ, ಅಂದ್ರ ಧರ್ಮಗುರುಗಳ ಕೈಯಾಗ. ನಾ ಖರೇ ಕೋಹೆನ್ ಅಲ್ಲ, ಹೆಸರಷ್ಟ ಹಂಗ ಅಂದ. ಹಂಗಾರ ನೀ ಯಾರು, ನಿಮ್ಮಪ್ಪ ಯಾರು, ಯಾತಕ್ಕ ಬದಲ ಮಾಡಿದಿ, ತೋರ್ಸು ಅಂದ್ರು.

ತೋರ್ಸಾಕ ಅಂವನ ಕಡೆ ಏನಿತ್ತು? ಅಪ್ಪ ಅವ್ವನ ಕೆತುಬಾ, ಅಂದ್ರ ಮದುವಿ ಕರಾರುಪತ್ರ, ರೈಲ್ವೆ ಕ್ವಾರ್ಟರ್ಸ್ ಬಿಡೂ ಮುಂದ ಕಳದಿತ್ತು. ನಾನು ಹುಬ್ಬಳ್ಳಿಯಿಂದ ಮೀಟರ್ ಗೇಜ್ ಗಾಡಿ ಹತ್ತಿ, ಮೀರಜದಾಗ ಬದಲ ಮಾಡಿ ಮುಂಬೈಗೆ ಹೋದೆ, ಸ್ಯಾಮ್ಯುಯಲ್ ಸ್ಟ್ರೀಟಿನ ಹಳೇ ಮಶೀದಿಗೆ. ನಮ್ಮವರು ಪ್ರಾರ್ಥನಾಮಂದಿರಕ್ಕ ಮಶೀದ್ ಅಂತಾರ. ಅವ್ವ ಅಪ್ಪನ ಮದುವಿ ಅಲ್ಲೇ ಆಗಿದ್ದು. ಅಲ್ಲಿನ ಮುಖ್ಯಸ್ಥ ಮುಕಾದಮರು ವಯಸ್ಸಾದವರು, ದಪ್ಪ ವಹಿ ತಗದು, ಬೆರಳಿಗೆ ಉಗಳ ಹಚ್ಚಿ ಒಂದೊಂದ ಹಾಳಿ ತಿರುವಿದ್ರು. ಕೆಂಪ ಗೀಟಿನ ಕೆಳಗ ಮರಾಠಿಯ ಬಾಳಬೋಧ ಅಕ್ಷರದಾಗ, ಶಾಯಿ ಕಂದ ಬಣ್ಣಕ್ಕ ತಿರುಗಿತ್ತು: ಅಬ್ರಾಹಾಮ್ ಸಾಮಾಜೀ ಕೇಹಿಮಕರ. ನಮ್ಮಪ್ಪನ ಹೆಸರ ಮ್ಯಾಲೆ ಕೈ ಇಟ್ಟೆ, ನನಗ ಅಳು ತಡಿಯಾಕಾಗಲಿಲ್ಲ. ಇಸಾಕ್ ಕೋಹೆನ್ ಇವರ ಮಗ ಅಂತ ಒಂದು ಚೀಟಿ ಬರದ ಕೊಡ್ರಿ ಅಂದೆ. ಅವರು ಕನ್ನಡಕ ತಗದು ಇಟ್ರು. ಕೋಹೆನ್ ಅನ್ನಾಂವ ನನ್ನ ವಹಿಯಾಗ ಒಬ್ಬನೂ ಇಲ್ಲ ತಂಗಿ, ಇಸಾಕ್ ಕೇಹಿಮಕರ ಅಂತಾದ್ರ ಬರೀತೀನಿ ಅಂದ್ರು. ಬರದ್ರು. ಆ ಚೀಟಿಗೂ ಅಲ್ಲಿನ ಹೆಸರಿಗೂ ಗಂಟ ಹಾಕಾಕ ಇನ್ನೊಂದ್ ಕಾಗದ, ಅದಕ್ಕ ಇನ್ನೊಂದ್ ಸಹಿ. ವರ್ಷ ದಾಟಿತು. ಹುಡುಗಿ ಮನಿಯವರು ಎಷ್ಟಂತ ಕಾಯ್ತಾರ? ಬ್ಯಾರೆ ಕಡೆ ಮಾಡಿಕೊಟ್ರು.

ಇಸಾಕ್ ಮತ್ತ ಮದುವಿ ಆಗ್ಲೇ ಇಲ್ಲ. ಹೆಸರು ತಿರುಗಿ ಬದಲ ಮಾಡಿಸಾಕೂ ಹೋಗಲಿಲ್ಲ, ಮನಸ್ಸು ಮುರದಿತ್ತು. ಅಶ್ದೋದಿನಾಗ ತೀರಿಕೊಂಡಾಗ ಕಲ್ಲ ಕೆತ್ತೋರು ಗುರುತಿನ ಚೀಟಿ ನೋಡಿ ಕೋಹೆನ್ ಅಂತ ಬರದು, ಮ್ಯಾಲೆ ಕೋಹೆನ್ನರ ಗುರುತು, ಆಶೀರ್ವಾದ ಮಾಡೋ ಎರಡು ಕೈ ಕೆತ್ತಿದ್ರು. ನಮ್ಮಪ್ಪನ ಮಗನ ಗೋರಿ ಮ್ಯಾಲೆ ನಮ್ಮಪ್ಪನ ಮನೆತನ ಇಲ್ಲ. ಫೋಟೋ ಕಳಿಸಿದ್ರು, ನಾನು ಯಾರಿಗೂ ತೋರ್ಸಿಲ್ಲ.

ಅದಕ್ಕ ಇನ್ನೊಮ್ಮೆ ಹೇಳ್ತೀನಿ, ಕಿವಿ ಕೊಟ್ಟು ಕೇಳು. ಹೆಸರು ಬದಲ ಮಾಡಬ್ಯಾಡ. ನಿನ್ನ ಮಗಳಿಗಿನ್ನೂ ಮದುವಿ ಆಗೂದೈತಿ.

ಆ ಏಜೆಂಟಗ ಕರ ಅನ್ನೂದು ಹಿಂದೂ ಹೆಸರು ಅಂತ ಯಾರ್ ಹೇಳಿದ್ರು? ಅದು ಊರಿನ ಹೆಸರು. ಕೊಂಕಣದಾಗ ಯಾವ ಜಾತಿ ಇದ್ರೂ ಭಾಳ ಮಂದಿಗೆ ಊರ ಹಿಡದೇ ಅಡ್ಡಹೆಸರು. ಪೇಣದವರು ಪೇಣಕರ, ರೋಹಾದವರು ರೋಹೇಕರ, ಅಷ್ಟಮಿಯವರು ಅಷ್ಟಮಕರ, ಚೌಲದವರು ಚೇವುಲಕರ. ದಿವೇಕರ ಅನ್ನಾವ್ರು ಚಿತ್ಪಾವನ ಬ್ರಾಹ್ಮಣರಾಗೂ ಅದಾರ, ನಮ್ಮೊಳಗೂ ಅದಾರ, ಅದರಾಗ ತಪ್ಪೇನೈತಿ? ಈಗ ಹೇಳಿದ್ನಲ್ಲ, ಆ ಸ್ಯಾಮ್ಯುಯಲ್ ಸ್ಟ್ರೀಟಿನ ಮಶೀದ್, ಅದನ್ನ 1796ರಾಗ ಕಟ್ಟಿಸಿದವರೇ ಸಾಮಾಜೀ ಹಸಾಜೀ ದಿವೇಕರ, ಸ್ಯಾಮ್ಯುಯಲ್ ಎಜೆಕಿಯೇಲ್ ಅಂತ. ಕಂಪನಿ ಫೌಜಿನಾಗ ಇದ್ದು ಟಿಪ್ಪು ಸುಲ್ತಾನನ ಸೆರಿಯಾಗ ಸಿಕ್ಕು ಜೀವಸಹಿತ ಬಂದ್ರು. ನೀವು ಯಾವ ಜಾತಿ ಅಂತ ಟಿಪ್ಪುವಿನ ತಾಯಿ ಕೇಳಿದಾಗ ಬೆನೆ ಇಸ್ರೇಲ್ ಅಂದದ್ದಕ್ಕ ಬಿಟ್ರು ಅಂತ ನಮ್ಮ ಹಿರ್ಯಾರು ಹೇಳ್ತಿದ್ರು. ಮುಂಬೈದಾಗ ನಮ್ಮವರ ಮೊದಲನೇ ಪ್ರಾರ್ಥನಾಮಂದಿರ ಅದು. ಅಂಥಾದ್ದನ್ನ ಕಟ್ಟಿದಾಂವ ಒಬ್ಬ ಕರ.

ನಮ್ಮ ಊರು ಕೀಹೀಮ್. ಅಲೀಬಾಗ ದಾಟಿ ಬಡಗಣಕ್ಕ ದಂಡಿ ಹಿಡಕೊಂಡು ಹೋದ್ರ ಥಳ, ನವಗಾಂವ, ಆಮ್ಯಾಲೆ ಕೀಹೀಮ್. ನಮ್ಮ ಮೂಲ ಹಿರ್ಯಾರು ಬಂದ ಹಡಗ ಒಡದು ಏಳು ಗಂಡಸರು ಏಳು ಹೆಂಗಸರು ಉಳದ್ರು ಅಂತಾರಲ್ಲ, ಅವರು ದಂಡಿಗೆ ಬಿದ್ದದ್ದು ಆ ನವಗಾಂವದಾಗ, ಸತ್ತವರನ್ನ ಮಣ್ಣು ಮಾಡಿದ ಜಾಗಾನೂ ಅಲ್ಲೇ ಐತಿ, ಗಂಡಸರದ್ದು ಬ್ಯಾರೆ ಹೆಂಗಸರದ್ದು ಬ್ಯಾರೆ. ಅಲ್ಲಿಂದ ಹಳ್ಳಿ ಹಳ್ಳಿಗೆ ಚದುರಿ ಗಾಣ ಹಾಕಿದ್ರು. ಶನಿವಾರ ಎತ್ತು ಕಟ್ತಿರಲಿಲ್ಲ, ಅದಕ್ಕ ಶನಿವಾರ ತೇಲಿ, ಅಂದ್ರ ಶನಿವಾರದ ಗಾಣಿಗರು ಅಂತಿದ್ರು. ಕೀಹೀಮಿನಾಗ ನಿಂತವರೆಲ್ಲಾ ಕೇಹಿಮಕರ. ಹಂಗಂತ ಕೇಹಿಮಕರ ಅಂದವರೆಲ್ಲಾ ನಮ್ಮ ಖಾಸ ಬಳಗ ಅಲ್ಲ. ಹೈಮ್ ಸಾಮುಏಲ್ ಕೇಹಿಮಕರ ಇದ್ರಲ್ಲ, 1875ರಾಗ ಮುಂಬೈದಾಗ ನಮ್ಮ ಹುಡುಗರ ಸಲುವಾಗಿ ಇಸ್ರೇಲೈಟ್ ಸ್ಕೂಲ್ ಸುರು ಮಾಡಿದವರು, ಅವರು ನಮಗ ಸಂಬಂಧ ಅಲ್ಲ, ಊರಷ್ಟ ಒಂದು. ಅವರು ನಮ್ಮ ಜನದ ಇತಿಹಾಸ ಬರದು ಮುಗಿಸಿದ್ದು 1897ರಾಗ, ಅಚ್ಚಾಗಿದ್ದು 1937ರಾಗ ತೆಲ್ ಅವೀವಿನಾಗ, ಅವರು ತೀರಿ ಎಷ್ಟೋ ವರ್ಷದ ಮ್ಯಾಲೆ. ಇಸ್ರೇಲ್ ದೇಶ ಹುಟ್ಟೂಕಿಂತ ಮೊದಲ ಈ ಹೆಸರು ಅಲ್ಲಿ ಪುಸ್ತಕದ ಮ್ಯಾಲೆ ಇತ್ತು ಅಂತ ಆ ಏಜೆಂಟಗ ಹೇಳು.

ಆಮ್ಯಾಲೆ ಫೌಜು, ರೈಲ್ವೆ, ಅಂಚೆ, ಕಸ್ಟಮ್ಸ್, ಎಲ್ಲಿ ನೌಕರಿ ಅಲ್ಲಿ ನಮ್ಮವರು. ಪುಣೆ, ಅಹಮದಾಬಾದ್, ಕರಾಚಿ. ಕರಾಚಿ ಮಶೀದ್ ಕಟ್ಟಿದವರೂ ಒಬ್ಬ ಕರ, ಸೊಲೊಮನ್ ಡೇವಿಡ್ ಉಮರ್ಡೇಕರ, 1893ರಾಗ. ಅದನ್ನ 1988ರಾಗ ಕೆಡವಿ ಹಾಕಿದ್ರು. ನಮ್ಮಪ್ಪ, ಅಂದ್ರ ನಿನ್ನ ಅಜ್ಜ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿಗೆ ಬಂದ. ಇಲ್ಲಿ ಇನಿಶಿಯಲ್ ಪದ್ಧತಿ, ಗುಮಾಸ್ತ ಊರ ಹೆಸರು ಬಿಟ್ಟು, ಅಬ್ರಾಹಾಮಿಗೆ ಎ. ಹಾಕಿ, ಮುಂದ ಬರೇ ಅವನ ಅಪ್ಪನ ಹೆಸರು ಬರಕೊಂಡ, ಅದಕ್ಕ ಎ. ಸ್ಯಾಮ್ಯುಯಲ್. ಓಣಿಯವರು ನಮ್ಮನ್ನ ಕಿರಿಸ್ತಾನರು ಅಂತ ತಿಳಕೊಂಡು ಡಿಸೆಂಬರದಾಗ ಕೇಕ್ ಕೇಳಾಕ ಬರ್ತಿದ್ರು, ಅವ್ವ ಅವರಿಗೆ ಅವಲಕ್ಕಿ, ಕೊಬ್ಬರಿ, ಸಕ್ಕರಿ ಕಲಸಿದ ಮಲೀದಾ ಕೊಟ್ಟು ಕಳಸ್ತಿದ್ಳು.

1948ರ ಸುಮಾರಿಗೆ ನಮ್ಮವರು ಈ ದೇಶದಾಗ 20,000 ಇದ್ರು. ಈಗ ಠಾಣೆ, ಮುಂಬೈ ಬಿಟ್ರ ಬ್ಯಾರೆ ಕಡೆ ಭಾಳ ಕಡಿಮಿ ಮಂದಿ. ಕೇಹಿಮಕರ ಅನ್ನಾವ್ರನ್ನ ಹುಡುಕಬೇಕಂದ್ರ ಈಗ ಅಶ್ದೋದ್, ದಿಮೋನಾ, ಬೇರ್‌ಶೇಬಾ, ಲೋದ್ ಕಡೆನೇ ಹೋಗಬೇಕು. ಅಲ್ಲೂ ಹುಡುಗರು ಕರ ಕತ್ತರಿಸಾಕತ್ತಾರ. ಅದನ್ನ ಕೇಳಿದ್ರ ನನಗ ಹೊಟ್ಟಿ ಉರೀತೈತಿ. 1962ರಾಗ ಅಲ್ಲಿನ ಮುಖ್ಯ ರಬ್ಬಿಗಳು, ಬೆನೆ ಇಸ್ರೇಲರ ಮದುವಿ ಅಂದ್ರ ತಾಯಿ, ಅಜ್ಜಿ, ಅವರಾಚೆ ಎಷ್ಟ್ ಸಾಧ್ಯನೋ ಅಷ್ಟ್ ತಲೆಮಾರಿನ ತನಕ ತಪಾಸ ಮಾಡ್ರಿ ಅಂತ ಆಜ್ಞೆ ಹೊರಡಿಸಿದ್ರು. ನಮ್ಮವರಷ್ಟನ್ನೇ ಹೆಸರು ಹಿಡದು ಅಂದಿದ್ರು. ಹೀಬ್ರೂ ಮರತ್ರೂ, ಪುಸ್ತಕ ಇರ್ಲಿಲ್ಲಂದ್ರೂ, ಶೆಮಾ ಪ್ರಾರ್ಥನಾ ಒಂದನ್ನ ಬಾಯಾಗ ಇಟ್ಕೊಂಡು ಬಂದ ಜನಕ್ಕ ಇದು! 1964ರ ಬ್ಯಾಸಗ್ಯಾಗ ನಮ್ಮವರು ಹೆಂಡ್ತಿ ಮಕ್ಕಳ ಕರಕೊಂಡು ಜೆರೂಸಲೇಮಿನ ಬೀದ್ಯಾಗ ಧರಣಿ ಕುಂತ್ರು. ಅಲ್ಲಿನ ಸಂಸತ್ತು ಕೂಡಿ, ಇವರು ಎಲ್ಲಾ ರೀತಿಯಿಂದ ಯಹೂದಿಗಳೇ ಅಂತ ಠರಾವ್ ಮಾಡ್ತು, ಆಮ್ಯಾಲೆ ಆ ಆಜ್ಞೆಯೊಳಗಿಂದ ನಮ್ಮ ಹೆಸರು ತಗದ್ರು. ಅವರು ಪೇಣಕರ, ರೋಹೇಕರ, ದಿವೇಕರ ಅನ್ನೂ ಹೆಸರು ಇಟ್ಕೊಂಡೇ ಗೆದ್ರು. ಯಾರೂ ಕೋಹೆನ್ ಆಗಿ ಗೆಲ್ಲಲಿಲ್ಲ. ಈಗಿನ ಹುಡುಗರಿಗೆ ಇದನ್ನ ಯಾರೂ ಹೇಳಂಗಿಲ್ಲ, ಹೆಸರು ಉದ್ದ ಆತು ಅಂತ ಕತ್ತರಿ ಹಾಕ್ತಾರ. ಈ ಗ್ರೂಪಿನಾಗೂ ಇಬ್ರು ಅದಾರ, ಅವರಿಗೆ ಗೊತ್ತಾಗ್ಲಿ.

ಅಯ್ಯ, ನೀ ಕೇಳಿದ್ದು ಬಿಟ್ಟೇಬಿಟ್ಟಿದ್ದೆ. ಫೈಲ್ ವಿಷಯ ಹೇಳ್ತೀನಿ.

ಯಹೂದಿಗಳು ಇಸ್ರೇಲಿಗೆ ಬಂದು ನೆಲಸೂ ಅವರ ಕಾನೂನು 1950ರದ್ದು, 1970ರಾಗ ತಿದ್ದ್ಯಾರ, ಅಜ್ಜ ಅಜ್ಜಿ ಪೈಕಿ ಒಬ್ಬರು ಯಹೂದಿ ಇದ್ರೂ ನೆಲಸೂ ಹಕ್ಕು ಐತಿ. ಅದರಾಗ ಅಡ್ಡಹೆಸರು ಹಿಂತಾದ್ದೇ ಇರಬೇಕು ಅಂತ ಎಲ್ಲೂ ಇಲ್ಲ. ಸ್ಪೆಲ್ಲಿಂಗ್ ಬ್ಯಾರೆ ಇರೂದು ಅವರಿಗೆ ಹೊಸಾದಲ್ಲ. ಹೀಬ್ರೂದಾಗ ಸ್ವರ ಪೂರ್ತಿ ಬರಿಯಂಗಿಲ್ಲ, ಕೇಹಿಮಕರ, ಕಿಹಿಮ್ಕರ್ ಎರಡೂ ಅಲ್ಲಿ ಹೆಚ್ಚುಕಡಿಮಿ ಒಂದೇ ನಮೂನಿ ಕಾಣ್ತಾವ. ನೀ ನೋಟರಿ ಕಡೆ ಹೋಗಿ, ಈ ಮೂರೂ ಹೆಸರು ಒಂದೇ ಮನೆತನದ್ದು, ಎ. ಸ್ಯಾಮ್ಯುಯಲ್ ಮತ್ತ ಅಬ್ರಾಹಾಮ್ ಸಾಮಾಜೀ ಕೇಹಿಮಕರ ಒಬ್ಬರೇ ವ್ಯಕ್ತಿ ಅಂತ ಅಫಿಡವಿಟ್ ಮಾಡ್ಸು. ಇದ್ದದ್ದನ್ನ ಇದ್ದಂಗ ಬರೀಬೇಕು, ಬದಲ ಮಾಡೂದಲ್ಲ. ಅದಕ್ಕೂ ಜನ್ಮದಾಖಲೆಗೂ ಅಪೋಸ್ಟಿಲ್, ಅಂದ್ರ ಪರದೇಶದಾಗ ನಡಿಯೂ ಸರಕಾರಿ ಮುದ್ರಿ ಹಾಕ್ಸು.

ಮುಖ್ಯ ಇನ್ನೊಂದೈತಿ. ಮುಂದ ಮದುವಿಗೆ ಅವರು ನೋಡೂದು ತಾಯಿ ಕಡೆ. ನಿನ್ನ ಹೆಂಡ್ತಿ ತವರಮನಿ ಪೇಣಕರ, ಅಕಿ ಅವ್ವನ ಕೆತುಬಾ ಯಾರ ಮನ್ಯಾಗ ಐತಿ ಅಂತ ಇವತ್ತೇ ಫೋನ್ ಮಾಡಿ ಕೇಳು. ಕೆತುಬಾದಾಗ ಇಂಥವರ ಮಗ ಇಂಥವರು ಅಂತ ಬರದಿರ್ತೈತಿ, ಕೋಹೆನ್ ಇದ್ರ ಹೆಸರಿನ ಜೋಡಿ ಅದನ್ನೂ ಬರದಿರ್ತಾರ, ಇಲ್ಲಂದ್ರ ಇಲ್ಲ. ಆ ಒಂದು ಹಾಳಿ ನೂರು ಅಫಿಡವಿಟ್ಟಿಗೆ ಸಮ. ಅದು ಸಿಗಲಿಲ್ಲಂದ್ರ ಮದುವಿ ಆದ ಮಶೀದಿನ ಕಮಿಟಿಯಿಂದ ವಹಿ ನಕಲು, ಲೆಟರ್‌ಹೆಡ್ ಮ್ಯಾಲೆ ಒಂದು ಪತ್ರ. ಅಜ್ಜ ಅಜ್ಜಿ ಗೋರಿಕಲ್ಲಿನ ಫೋಟೋ ತಗಿ, ಹೀಬ್ರೂ ಅಕ್ಷರ ಚಂದಂಗ ಕಾಣ್ಸಬೇಕು, ಮೊದಲ ನೀರ ಹಾಕಿ ತಿಕ್ಕಿಸು. ಮುಕಾದಮರು ನನಗ ಕೊಟ್ಟ ಚೀಟಿದು ಒಂದು ಪ್ರತಿ ನನ್ನ ಟ್ರಂಕಿನಾಗ ಐತಿ, ಅದರಾಗ ಅಪ್ಪನ ಪೂರ್ತಿ ಹೆಸರೈತಿ, ರವಿವಾರ ಬಂದು ಒಯ್ಯಿ.

ಏಜೆಂಟಗ ಮುಂಗಡ ಏನರ ಕೊಟ್ಟಿದ್ರ ಗೆಜೆಟ್ ಅರ್ಜಿ ಹಾಕೂಕಿಂತ ಮೊದಲ ವಾಪಸ್ ಇಸ್ಕೋ.