ಆರ್ಥಿಕ ಹಿಂಜರಿತದಲ್ಲಿ ಕಾರು ಕಂಪನಿಯ ಭವಿಷ್ಯವನ್ನು ಅಳೆಯುವುದು ಹೇಗೆ? ಸಾಲ ಮಾಡಿ ಯಂತ್ರ ಕೊಳ್ಳುವ ಮುನ್ನ ಒಂದು ಪ್ರಶ್ನೆ

ಹಿರೇಹಳ್ಳಿ ಟರ್ನಿಂಗ್ (ತುಮಕೂರು):

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಸಿಎನ್‌ಸಿ ಲೇತ್‌ಗಳಲ್ಲಿ ಬುಷ್, ಪಿನ್, ಸ್ಪೇಸರ್‌ಗಳನ್ನು ತಯಾರಿಸಿ ಪೀಣ್ಯದ ಕಂಪನಿಯೊಂದಕ್ಕೆ ಕೊಡುತ್ತೇವೆ. ಅವರು ಅವನ್ನು ತಮ್ಮ ಬಿಡಿಭಾಗದಲ್ಲಿ ಜೋಡಿಸಿ ಕಾರು ಕಂಪನಿಗೆ ಕಳಿಸುತ್ತಾರೆ. ನಮ್ಮ ವಹಿವಾಟಿನ ಮುಕ್ಕಾಲು ಪಾಲು ಕೊನೆಗೆ ಹೋಗಿ ಸೇರುವುದು ಆ ಒಂದೇ ಕಾರು ಕಂಪನಿಯ ಅಸೆಂಬ್ಲಿ ಲೈನಿಗೆ.

ಮುಂದಿನ ವರ್ಷ ಹೊಸ ಮಾದರಿಯೊಂದು ಬರಲಿದೆ, ಶೆಡ್ಯೂಲ್ (ತಿಂಗಳಿಗೆ ಇಷ್ಟು ಮಾಲು ಬೇಕೆಂಬ ಬೇಡಿಕೆ) ಹೆಚ್ಚಾಗುತ್ತದೆ, ಇನ್ನೆರಡು ಯಂತ್ರ ಹಾಕಿ ಎಂದು ಪೀಣ್ಯದವರು ಹೇಳುತ್ತಿದ್ದಾರೆ. ಬ್ಯಾಂಕಿನವರು ಐದು ವರ್ಷದ ಅವಧಿಸಾಲ ಕೊಡಲು ಸಿದ್ಧರಿದ್ದಾರೆ. ಆದರೆ ಹಿಂಜರಿತದ ಮಾತು ಎಲ್ಲೆಡೆ ಕೇಳಿಬರುತ್ತಿರುವಾಗ ಐದು ವರ್ಷದ ಕಂತಿಗೆ ಸಹಿ ಹಾಕಲು ಧೈರ್ಯ ಸಾಲುತ್ತಿಲ್ಲ. ‘ಅಷ್ಟು ದೊಡ್ಡ ಕಂಪನಿ ಮುಳುಗುವುದುಂಟೇ’ ಎಂದು ನಮ್ಮ ಮನೆಯ ಹಿರಿಯರು ಕೇಳುತ್ತಾರೆ. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡದಾಗಿದ್ದ ಜನರಲ್ ಮೋಟರ್ಸ್ 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕಿದ್ದನ್ನು ಓದಿರುವ ನನಗೆ ಆ ಮಾತಿನಿಂದ ಸಮಾಧಾನವಾಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಬೇಡಿಕೆ ಕುಸಿದಾಗ ಒಂದು ಕಾರು ಕಂಪನಿ ತಾಳಿಕೊಳ್ಳುತ್ತದೆಯೋ ಇಲ್ಲವೋ ಎಂಬುದನ್ನು ಹೊರಗಿನವರಾದ ನಾವು ಯಾವ ಲೆಕ್ಕದಿಂದ ತಿಳಿಯಬಹುದು? ಕಂಪನಿ ಉಳಿದುಕೊಂಡರೆ ನಮ್ಮಂಥ ಎರಡನೇ ಹಂತದ ಪೂರೈಕೆದಾರರೂ ಉಳಿದಂತೆಯೇ, ಅಥವಾ ಅದು ಬೇರೆಯದೇ ಪ್ರಶ್ನೆಯೇ?

ಲೆಕ್ಕಪತ್ರ (ತುಮಕೂರು, ಎಸ್.ಎಸ್. ಪುರಂ):

ವಾಹನ ಬಿಡಿಭಾಗಗಳ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಕಾರು ತಯಾರಿಕೆಯಲ್ಲಿ ಸ್ಥಿರ ವೆಚ್ಚ ಬಹಳ ದೊಡ್ಡದು. ಪ್ರೆಸ್ ಶಾಪ್, ಪೇಂಟ್ ಶಾಪ್, ಹೊಸ ಮಾದರಿಯ ವಿನ್ಯಾಸ, ಕಾಯಂ ನೌಕರರ ಸಂಬಳ ಇವೆಲ್ಲ ಕಾರು ಮಾರಿದರೂ ಮಾರದಿದ್ದರೂ ನಿಲ್ಲುವುದಿಲ್ಲ. ಒಂದು ಊಹೆಯ ಲೆಕ್ಕ ಮಾಡೋಣ. ಒಂದು ಕಾರಿನಿಂದ ಕಂಪನಿಗೆ 8 ಲಕ್ಷ ರೂಪಾಯಿ ಬರುತ್ತದೆ, ಅದರಲ್ಲಿ ಬಿಡಿಭಾಗ ಮತ್ತು ಕಚ್ಚಾವಸ್ತುವಿಗೆ 6.4 ಲಕ್ಷ ಹೋಗುತ್ತದೆ, ವರ್ಷದ ಸ್ಥಿರ ವೆಚ್ಚ 1,200 ಕೋಟಿ ಎಂದುಕೊಳ್ಳಿ. ಒಂದು ಲಕ್ಷ ಕಾರು ಮಾರಿದರೆ 400 ಕೋಟಿ ಲಾಭ. ಮಾರಾಟ 80,000ಕ್ಕೆ ಇಳಿದರೆ ಲಾಭ 80 ಕೋಟಿ. 70,000ಕ್ಕೆ ಇಳಿದರೆ 80 ಕೋಟಿ ನಷ್ಟ. ಮಾರಾಟ ಐದನೇ ಒಂದು ಭಾಗ ಕುಗ್ಗಿದರೆ ಲಾಭದ ಐದರಲ್ಲಿ ನಾಲ್ಕು ಭಾಗ ಹೋಗಿಬಿಡುತ್ತದೆ. ಆದ್ದರಿಂದ ಒಳ್ಳೆಯ ವರ್ಷದಲ್ಲಿ ಕಂಪನಿ ಎಷ್ಟು ಲಾಭ ಮಾಡಿತು ಎನ್ನುವುದಕ್ಕಿಂತ, ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ ಈಗಿನ ಮಾರಾಟಕ್ಕಿಂತ ಎಷ್ಟು ಕೆಳಗಿದೆ ಎನ್ನುವುದನ್ನು ಮೊದಲು ನೋಡಬೇಕು.

ಆದರೆ ಕಂಪನಿಯನ್ನು ಮುಳುಗಿಸುವುದು ನಷ್ಟವೊಂದೇ ಅಲ್ಲ, ನಗದು ಬತ್ತುವುದು. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಾರು ಕಾರ್ಖಾನೆಯ ಗೇಟು ದಾಟುವ ಹೊತ್ತಿಗೆ ಡೀಲರ್‌ನಿಂದ, ಅಂದರೆ ಡೀಲರ್‌ಗೆ ಸಾಲ ಕೊಟ್ಟ ಬ್ಯಾಂಕಿನಿಂದ, ಕಂಪನಿಗೆ ಹಣ ಬಂದಿರುತ್ತದೆ. ಪೂರೈಕೆದಾರರಿಗೆ ಅದು ಹಣ ಕೊಡುವುದು ತಿಂಗಳೋ ಎರಡು ತಿಂಗಳೋ ಕಳೆದ ಮೇಲೆ. ಮಾರಾಟ ಏರುತ್ತಿರುವಾಗ ಕಂಪನಿ ಪೂರೈಕೆದಾರರ ದುಡ್ಡಿನಲ್ಲೇ ವ್ಯವಹಾರ ನಡೆಸುತ್ತದೆ. ಮಾರಾಟ ಹಠಾತ್ತನೆ ನಿಂತರೆ ಇದೇ ವ್ಯವಸ್ಥೆ ತಿರುಗಿ ಬೀಳುತ್ತದೆ: ಇಂದಿನ ಕಾರುಗಳಿಂದ ಬರುವ ಹಣ ಕಡಿಮೆ, ಎರಡು ತಿಂಗಳ ಹಿಂದಿನ ಬಿಲ್‌ಗಳು ಮಾತ್ರ ಪೂರ್ತಿ. 2008ರ ಕೊನೆಯಲ್ಲಿ ಜನರಲ್ ಮೋಟರ್ಸ್‌ನ ಕೈ ಅಷ್ಟು ಬೇಗ ಬರಿದಾಗಲು ಇದೂ ಒಂದು ದೊಡ್ಡ ಕಾರಣ. ಆ ವರ್ಷ ಅದರ ನಷ್ಟ 3,000 ಕೋಟಿ ಡಾಲರ್ ದಾಟಿತ್ತು. ನಿವೃತ್ತರ ಪಿಂಚಣಿ ಮತ್ತು ಆರೋಗ್ಯ ವೆಚ್ಚದ ಹೊರೆ, ಪೆಟ್ರೋಲ್ ಬೆಲೆ ಏರಿದಾಗ ಕೊಳ್ಳುವವರಿಲ್ಲದ ದೊಡ್ಡ ಗಾಡಿಗಳ ಮೇಲಿನ ಅವಲಂಬನೆ ಇವೆಲ್ಲ ಮೊದಲೇ ಇದ್ದವು. ಹಿಂಜರಿತ ಬಂದು ಅವುಗಳಿಗೆ ಕಾಲಾವಕಾಶ ಇಲ್ಲದಂತೆ ಮಾಡಿತು.

ಪಕ್ಕದಲ್ಲೇ ಫೋರ್ಡ್ ಅನ್ನು ನೋಡಿ. 2006ರ ಕೊನೆಯಲ್ಲಿ, ಬ್ಯಾಂಕುಗಳು ಇನ್ನೂ ಸಾಲ ಕೊಡುತ್ತಿದ್ದ ಕಾಲದಲ್ಲೇ, ಅದು ಕಾರ್ಖಾನೆಗಳ ಜೊತೆಗೆ ತನ್ನ ನೀಲಿ ಲಾಂಛನವನ್ನೂ ಅಡವಿಟ್ಟು 2,300 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೊಂದಿಸಿಕೊಂಡಿತು. ಅಲನ್ ಮುಲಾಲಿ ಆಗಷ್ಟೇ ಮುಖ್ಯಸ್ಥರಾಗಿದ್ದರು. ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು 2008ರಲ್ಲಿ ಟಾಟಾ ಮೋಟರ್ಸ್‌ಗೆ, ವೋಲ್ವೋ ಕಾರು ವಿಭಾಗವನ್ನು 2010ರಲ್ಲಿ ಚೀನಾದ ಜೀಲಿಗೆ ಮಾರಿತು. ಸಾಲದ ಬಾಗಿಲು ಮುಚ್ಚಿದಾಗ ಅದರ ಕೈಯಲ್ಲಿ ಹಣವಿತ್ತು, ದಿವಾಳಿಯಾಗಲಿಲ್ಲ. ಟೊಯೊಟಾ ಕೂಡ 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 40,000 ಕೋಟಿ ಯೆನ್ ಮೀರಿದ ನಷ್ಟ ಕಂಡಿತು. ಅಷ್ಟಾದರೂ ಅಮೆರಿಕದ ಟೆಕ್ಸಸ್ ಮತ್ತು ಇಂಡಿಯಾನಾ ಘಟಕಗಳಲ್ಲಿ ಲೈನ್ ನಿಂತ ತಿಂಗಳುಗಳಲ್ಲಿ ಕಾಯಂ ನೌಕರರನ್ನು ಮನೆಗೆ ಕಳಿಸದೆ ತರಬೇತಿಯಲ್ಲಿ ಕೂರಿಸಿತು. ಕೈಯಲ್ಲಿ ಹಣವಿದ್ದ ಕಂಪನಿಗೆ ಮಾತ್ರ ಇಂಥ ತೀರ್ಮಾನ ಸಾಧ್ಯ.

ಟಾಟಾ ಮೋಟರ್ಸ್‌ನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 2008ರ ಜೂನ್‌ನಲ್ಲಿ 230 ಕೋಟಿ ಡಾಲರ್ ಕೊಟ್ಟು, ಅದೂ ಅಲ್ಪಾವಧಿ ಸಾಲದ ಬಲದಿಂದ, ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಿತು. ಮೂರೇ ತಿಂಗಳಲ್ಲಿ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ಕುಸಿದು ಎಲ್ಲೆಡೆ ಸಾಲ ಸಿಗುವುದು ಕಷ್ಟವಾಯಿತು. 2008-09ರಲ್ಲಿ ಸಮೂಹದ ಒಟ್ಟು ನಷ್ಟ 2,500 ಕೋಟಿ ರೂಪಾಯಿ ದಾಟಿತು. ಎರಡು ವರ್ಷದ ನಂತರ ಅದೇ ಸಮೂಹ ಒಂಬತ್ತು ಸಾವಿರ ಕೋಟಿ ಮೀರಿದ ಲಾಭ ತೋರಿಸಿತು. ಮಾದರಿಗಳು ಒಳ್ಳೆಯವಾಗಿದ್ದು, ನಡುವಿನ ಎರಡು ವರ್ಷ ದಾಟಲು ಸಾಲ ಸಿಕ್ಕರೆ ಕಂಪನಿ ಮತ್ತೆ ಎದ್ದು ನಿಲ್ಲುತ್ತದೆ. ಆದ್ದರಿಂದ ನಿಮ್ಮ ಕಾರು ಕಂಪನಿಯ ವಾರ್ಷಿಕ ವರದಿಯಲ್ಲಿ ನಗದು ಮತ್ತು ನಗದಿಗೆ ಸಮನಾದ ಹೂಡಿಕೆ, ಮುಂದಿನ ಒಂದು ವರ್ಷದಲ್ಲಿ ತೀರಿಸಬೇಕಾದ ಸಾಲ, ಪೂರೈಕೆದಾರರಿಗೆ ಕೊಡಬೇಕಾದ ಬಾಕಿ ಈ ಮೂರನ್ನು ಎದುರುಬದುರು ಇಟ್ಟು ನೋಡಿ. ಒಂದು ವರ್ಷದ್ದಲ್ಲ, ನಾಲ್ಕೈದು ವರ್ಷದ್ದು.

ಶೋರೂಮ್ ಅನುಭವಿ (ಚಿಕ್ಕಬಳ್ಳಾಪುರ):

ವಾರ್ಷಿಕ ವರದಿ ಬರುವಷ್ಟರಲ್ಲಿ ಹಳೆಯದಾಗಿರುತ್ತದೆ ಎಂಬುದನ್ನು ಮರೆಯಬಾರದು. ಕಾರು ಕಂಪನಿಗಳು ಪ್ರತಿ ತಿಂಗಳು ‘ಮಾರಾಟ’ ಎಂದು ಪ್ರಕಟಿಸುವುದು ಬಹುಪಾಲು ಡೀಲರ್‌ಗೆ ಕಳಿಸಿದ ಗಾಡಿಗಳ ಸಂಖ್ಯೆ. ಗ್ರಾಹಕ ನಿಜವಾಗಿ ಕೊಂಡದ್ದು ವಾಹನ ನೋಂದಣಿಯಲ್ಲಿ ಕಾಣುತ್ತದೆ. ಕೇಂದ್ರ ಸಾರಿಗೆ ಇಲಾಖೆಯ ‘ವಾಹನ್’ ತಾಣದಲ್ಲಿ ತಯಾರಕರ ಹೆಸರಿನ ಪ್ರಕಾರ, ತಿಂಗಳ ಪ್ರಕಾರ ಅದನ್ನು ಯಾರು ಬೇಕಾದರೂ ನೋಡಬಹುದು. ಕಳಿಸಿದ್ದು ಹೆಚ್ಚು, ನೋಂದಣಿ ಕಡಿಮೆ ಎಂಬ ಅಂತರ ಎರಡು ಮೂರು ತಿಂಗಳು ಮುಂದುವರಿದರೆ ಡೀಲರ್‌ಗಳ ಯಾರ್ಡ್ ತುಂಬುತ್ತಿದೆ ಎಂದರ್ಥ.

ನಾನು ಶೋರೂಮಿನಲ್ಲಿದ್ದಾಗ ಕಂಡ ಲಕ್ಷಣವನ್ನೂ ಹೇಳುತ್ತೇನೆ. ಯಾರ್ಡ್‌ನಲ್ಲಿ ನಿಂತ ಕಾರುಗಳ ಬ್ಯಾಟರಿ ಇಳಿಯಬಾರದೆಂದು ಹುಡುಗರು ವಾರಕ್ಕೊಮ್ಮೆ ಒಂದೊಂದನ್ನೇ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದರು. ಆ ಕೆಲಸಕ್ಕೆ ಅರ್ಧ ದಿನ ಸಾಲದೆ ಇಡೀ ದಿನ ಹಿಡಿಯತೊಡಗಿದ ಮೇಲೆ ರಿಯಾಯಿತಿಗಳು ಶುರುವಾದವು, ಅದಾದ ಮೇಲೆ ಕಂಪನಿ ಉತ್ಪಾದನೆ ಕಡಿತ ಪ್ರಕಟಿಸಿತು. ನಿಮ್ಮ ಊರಿನ ಡೀಲರ್ ಒಬ್ಬರ ಪರಿಚಯ ಮಾಡಿಕೊಳ್ಳಿ.

ವೇಮಗಲ್ ಫೋರ್ಜಿಂಗ್ (ಕೋಲಾರ):

ಮೇಲಿನ ಇಬ್ಬರೂ ಕಾರು ಕಂಪನಿಯ ಬಗ್ಗೆ ಹೇಳಿದ್ದಾರೆ. ನೀವು ಕೇಳಿದ ಎರಡನೇ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ. ಕಂಪನಿ ಉಳಿಯುವುದು ಬೇರೆ, ನಾವು ಉಳಿಯುವುದು ಬೇರೆ.

2013ರಲ್ಲಿ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕೋಲಾರ, ಮಾಲೂರು, ವೇಮಗಲ್ ಸುತ್ತ ಬಿಡಿಭಾಗದ ಕೆಲಸ ಬೆಳೆಯಿತು. ನಮ್ಮ ಘಟಕ ಬೇರೆ ಬೇರೆ ಗಿರಾಕಿಗಳಿಗೆ ಮಾಡುತ್ತದೆ. 2019ರ ಕುಸಿತವನ್ನು ನಾವು ಮೈಮೇಲೆ ಅನುಭವಿಸಿದವರು. ಆಗ ದೇಶದ ಜಿಡಿಪಿ ಬೆಳೆಯುತ್ತಲೇ ಇತ್ತು, ಆದರೂ ಆಗಸ್ಟ್‌ನಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷಕ್ಕಿಂತ 31 ಶೇಕಡಕ್ಕೂ ಹೆಚ್ಚು ಕುಸಿಯಿತು. ಸೆಪ್ಟೆಂಬರ್‌ನಲ್ಲಿ ಮಾರುತಿ ಸುಜುಕಿಯೇ ಗುರುಗ್ರಾಮ ಮತ್ತು ಮಾನೇಸರ್ ಘಟಕಗಳನ್ನು ಎರಡು ದಿನ ನಿಲ್ಲಿಸಿತು. ಕಾರಣ ಒಂದಲ್ಲ. 2018ರಲ್ಲಿ ಐಎಲ್ ಆ್ಯಂಡ್ ಎಫ್ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಬಿದ್ದ ಮೇಲೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಕೈ ಬಿಗಿಹಿಡಿದವು. ಹಳ್ಳಿಯಲ್ಲಿ ಬೈಕ್ ಕೊಳ್ಳುವವನಿಗೂ ಲಾರಿ ಕೊಳ್ಳುವವನಿಗೂ ಸಾಲ ಕೊಡುತ್ತಿದ್ದವರಲ್ಲಿ ಅವರೇ ಬಹಳ. ಅದೇ ವರ್ಷ ಲಾರಿಗಳು ಹೊರಬಹುದಾದ ಭಾರದ ಮಿತಿ ಏರಿತು. ಇದ್ದ ಲಾರಿಯಲ್ಲೇ ಹೆಚ್ಚು ಸಾಗಿಸಬಹುದೆಂದಾದ ಮೇಲೆ ಹೊಸದನ್ನು ಕೊಳ್ಳುವ ಅವಸರ ಯಾರಿಗಿತ್ತು? ಹೊಸ ಗಾಡಿಗೆ ಹಲವು ವರ್ಷದ ಮೂರನೇ ವ್ಯಕ್ತಿ ವಿಮೆಯನ್ನು ಒಟ್ಟಿಗೆ ಕಟ್ಟಬೇಕಾಯಿತು. 2020ರ ಏಪ್ರಿಲ್‌ನಿಂದ ವಾಹನದ ಹೊಗೆಗೆ ಬಿಎಸ್-6 ಎಂಬ ಬಿಗಿ ನಿಯಮ ಬರುವುದಿತ್ತು. ಎಲ್ಲವೂ ಒಂದೇ ಹೊತ್ತಿಗೆ ಬಂದವು.

ಕಂಪನಿಯ ಮಾರಾಟ ಹತ್ತು ಶೇಕಡ ಇಳಿದರೆ ನಮ್ಮ ಶೆಡ್ಯೂಲ್ ಹತ್ತು ಶೇಕಡ ಮಾತ್ರ ಇಳಿಯುವುದಿಲ್ಲ. ಡೀಲರ್ ಬಳಿ ಎರಡು ತಿಂಗಳ ಸ್ಟಾಕ್ ಇದ್ದು ಅದನ್ನು ಒಂದು ತಿಂಗಳಿಗೆ ತರಬೇಕೆಂದರೆ ಕಂಪನಿ ಒಂದು ತಿಂಗಳ ಉತ್ಪಾದನೆಯನ್ನೇ ಬಿಡಬೇಕು. ಕಂಪನಿಗೆ ನೇರವಾಗಿ ಕೊಡುವ ಮೊದಲ ಹಂತದ ಪೂರೈಕೆದಾರನೂ ತನ್ನ ಗೋದಾಮು ಖಾಲಿ ಮಾಡುತ್ತಾನೆ. ಎರಡನೇ ಹಂತಕ್ಕೆ ಬರುವಷ್ಟರಲ್ಲಿ ಕೆಲವು ವಾರ ಶೆಡ್ಯೂಲ್ ಸೊನ್ನೆ. ಆ ವರ್ಷ ನಮ್ಮ ಗಿರಾಕಿಯೊಬ್ಬರು ತಿಂಗಳ ಮಧ್ಯದಲ್ಲಿ ಶೆಡ್ಯೂಲ್ ನಿಲ್ಲಿಸಿದಾಗ, ಅವರ ನಕ್ಷೆಯ ಪ್ರಕಾರ ಫೋರ್ಜ್ ಮಾಡಿಟ್ಟ ಮಾಲು ನಮ್ಮ ಶೆಡ್ಡಿನಲ್ಲೇ ಉಳಿಯಿತು. ಬೇರೆ ಯಾರಿಗೂ ಆಗದ ಮಾಲು ಅದು. ಕೊನೆಗೆ ಸ್ಕ್ರ್ಯಾಪ್ ದರಕ್ಕೆ ಹೋಯಿತು. ಕಾರು ಕಂಪನಿ ಆ ವರ್ಷವೂ ಲಾಭದಲ್ಲೇ ಇತ್ತು.

ನಮ್ಮನ್ನು ಆಗ ಕಾಪಾಡಿದ್ದು ಟ್ರ್ಯಾಕ್ಟರ್ ಭಾಗಗಳು ಮತ್ತು ಬಿಡಿ ಮಾರುಕಟ್ಟೆಯ ಕೆಲಸ. ಜನ ಹೊಸ ಗಾಡಿ ಕೊಳ್ಳುವುದನ್ನು ಮುಂದೂಡಿದರೆ ಹಳೆಯದನ್ನು ರಿಪೇರಿ ಮಾಡಿಸಲೇಬೇಕು. 2020ರ ಏಪ್ರಿಲ್‌ನಲ್ಲಿ ಮಾರುತಿ ದೇಶದೊಳಗೆ ಒಂದು ಕಾರನ್ನೂ ಮಾರಲಿಲ್ಲ. ಅದೇ ಆರ್ಥಿಕ ವರ್ಷದಲ್ಲಿ, ಮಳೆ ಚೆನ್ನಾಗಿ ಆದದ್ದರಿಂದ, ಟ್ರ್ಯಾಕ್ಟರ್ ಮಾರಾಟ ಹಿಂದಿನ ವರ್ಷಕ್ಕಿಂತ ಏರಿತು. ನಿಮ್ಮ ಲೇತ್‌ಗೆ ಕಾರಿನ ಬುಷ್ ಆದರೇನು, ಟ್ರ್ಯಾಕ್ಟರ್ ಪಿನ್ ಆದರೇನು? ವಸಂತನರಸಾಪುರದಲ್ಲಿ ಮಷೀನ್ ಟೂಲ್ ಪಾರ್ಕ್ ಇದೆ, ಗುಬ್ಬಿಯ ಬಳಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ವಿಮಾನದ ಕೆಲಸಕ್ಕೆ ಪ್ರಮಾಣಪತ್ರ ಪಡೆಯಲು ವರ್ಷಗಳೇ ಬೇಕು, ಅದು ನಾಳೆಯೇ ಆಗುವ ಮಾತಲ್ಲ. ಮುಕ್ಕಾಲು ಪಾಲು ಒಂದೇ ಕಡೆ ಇರುವುದನ್ನು ಅರ್ಧಕ್ಕೆ ಇಳಿಸುವ ಕೆಲಸ ಮಾತ್ರ ಇಂದೇ ಶುರುವಾಗಲಿ.

ಹಿರೇಹಳ್ಳಿ ಟರ್ನಿಂಗ್ (ತುಮಕೂರು):

ಮೂವರಿಗೂ ಮನಃಪೂರ್ವಕ ಧನ್ಯವಾದ. ‘ವಾಹನ್’ ತಾಣ ನೋಡಿದೆ. ನಮ್ಮ ಕಂಪನಿ ಕಳಿಸಿದ ಸಂಖ್ಯೆಗಿಂತ ನೋಂದಣಿ ಕಳೆದ ಎರಡು ತಿಂಗಳಿಂದ ಕಡಿಮೆಯಿದೆ, ಆದರೆ ಅಂತರ ದೊಡ್ಡದಲ್ಲ. ಕಂಪನಿಯ ಸಾಲ ಹೆಚ್ಚಿಲ್ಲ, ನಗದೂ ಇದೆ. ಅಂದರೆ ಕಾರು ಕಂಪನಿ ಉಳಿಯುತ್ತದೆ, ನಡುವಿನ ಪೀಣ್ಯದವರ ಕೈ ಕಟ್ಟಿಕೊಂಡರೆ ನಮ್ಮ ಹಣ ಸಿಕ್ಕಿಬೀಳುತ್ತದೆ ಎಂದು ನನಗೆ ಈಗ ಅನ್ನಿಸುತ್ತಿದೆ. ಅವರು ಈಗಾಗಲೇ ಬಿಲ್‌ಗೆ ತೊಂಬತ್ತು ದಿನ ಹಿಡಿಯುತ್ತಾರೆ. ಈ ಸ್ಥಿತಿಯಲ್ಲಿ ಯಾವ ಷರತ್ತು ಕೇಳಿ ಯಂತ್ರ ಹಾಕಬಹುದು?

ಲೆಕ್ಕಪತ್ರ (ತುಮಕೂರು, ಎಸ್.ಎಸ್. ಪುರಂ):

ನಿಮ್ಮ ಅನುಮಾನ ಸರಿಯಾಗಿದೆ. 2008ರ ಡಿಸೆಂಬರ್‌ನಲ್ಲಿ ಫೋರ್ಡ್‌ನ ಮುಲಾಲಿ ತಮ್ಮ ಪ್ರತಿಸ್ಪರ್ಧಿಗಳಾದ ಜನರಲ್ ಮೋಟರ್ಸ್, ಕ್ರೈಸ್ಲರ್‌ಗಳಿಗೆ ಸರ್ಕಾರ ಹಣ ಕೊಡಲಿ ಎಂದು ಅಮೆರಿಕದ ಸಂಸತ್ತಿನ ಮುಂದೆ ವಾದಿಸಿದ್ದು ಇದೇ ಕಾರಣಕ್ಕೆ. ಮೂರೂ ಕಂಪನಿಗಳಿಗೆ ಬಹುಪಾಲು ಒಂದೇ ಪೂರೈಕೆದಾರರು. ಆ ಪೂರೈಕೆದಾರರು ಬಿದ್ದರೆ ಫೋರ್ಡ್‌ನ ಲೈನೂ ನಿಲ್ಲುತ್ತಿತ್ತು.

ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಗಿರಾಕಿಯ ಮೇಲೆ ದೂರು ಕೊಡಲು ನಿಮಗೆ ಮನಸ್ಸು ಬಾರದು ಎಂದು ಬಲ್ಲೆ. ಆದ್ದರಿಂದ ಸಣ್ಣ ಉದ್ಯಮಗಳ ಬಿಲ್‌ಗೆ ಬ್ಯಾಂಕುಗಳಿಂದ ಮುಂಗಡವಾಗಿ ಹಣ ಕೊಡಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ನಿಮ್ಮ ಬಿಲ್‌ಗಳನ್ನು ಒಪ್ಪಿಕೊಳ್ಳುವಂತೆ ಪೀಣ್ಯದವರನ್ನು ಕೇಳಿ. ವಾರ್ಷಿಕ ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಅಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಅವರು ಬಿಲ್ ಒಪ್ಪಿದ ಮೇಲೆ ಬ್ಯಾಂಕ್ ನಿಮಗೆ ಹಣ ಕೊಡುತ್ತದೆ. ಅವರು ಮುಂದೆ ಕೊಡದಿದ್ದರೆ ಬ್ಯಾಂಕ್ ನಿಮ್ಮ ಬೆನ್ನು ಹತ್ತುವುದಿಲ್ಲ. ಅಪಾಯ ನಿಮ್ಮ ತಲೆಯಿಂದ ಇಳಿಯುವುದು ಅಲ್ಲಿಯೇ.

ಯಂತ್ರದ ವಿಷಯದಲ್ಲಿ, ಎರಡರ ಬದಲು ಒಂದನ್ನು ಮೊದಲು ಹಾಕಿ. ಆ ಮಾದರಿಗೆ ಮಾತ್ರ ಬರುವ ಫಿಕ್ಸ್ಚರ್ ಮತ್ತು ಗೇಜ್‌ಗಳ ಖರ್ಚನ್ನು ಅವರಿಂದಲೇ ಪಡೆಯಿರಿ. ಸಾಲದ ಹಣದಲ್ಲಿ ಯಾವ ಕೆಲಸಕ್ಕೂ ಒಗ್ಗುವ ಲೇತ್ ಮಾತ್ರ ಬರಲಿ. ಶೆಡ್ಯೂಲ್ ನಿಲ್ಲಿಸುವುದಾದರೆ ಅರ್ಧ ತಯಾರಾದ ಮಾಲು ಮತ್ತು ಅದಕ್ಕಾಗಿ ತಂದ ಕಚ್ಚಾವಸ್ತುವಿನ ಹಣ ಕೊಡಬೇಕೆಂಬ ಸಾಲನ್ನು ಪಿಒದಲ್ಲಿ (ಖರೀದಿ ಆದೇಶದಲ್ಲಿ) ಬರೆಸಿ. ಮೇಲೆ ಕೋಲಾರದವರು ಹೇಳಿದ ಸ್ಕ್ರ್ಯಾಪ್ ಕಥೆ ಆ ಒಂದು ಸಾಲು ಇದ್ದಿದ್ದರೆ ಬೇರೆ ಆಗುತ್ತಿತ್ತು. ಬ್ಯಾಂಕಿನಲ್ಲಿ ಮೊದಲ ಆರು ತಿಂಗಳು ಬಡ್ಡಿ ಮಾತ್ರ ಕಟ್ಟುವ ಅವಕಾಶ ಕೇಳಿ, ಮತ್ತು ತಿಂಗಳ ಕಂತು ನಿಮ್ಮ ಕಾರೇತರ ಕೆಲಸದ ಆದಾಯದಿಂದಲೇ ತುಂಬುವಷ್ಟಿರಲಿ. ಅಷ್ಟಕ್ಕೆ ಸಾಲದಿದ್ದರೆ ಎರಡನೇ ಯಂತ್ರದ ಮಾತನ್ನು ಹೊಸ ಮಾದರಿ ಬಂದು ಆರು ತಿಂಗಳ ನೋಂದಣಿ ನೋಡಿದ ಮೇಲೆ ತೆಗೆಯಿರಿ.