ಕೈನೇಸ್ ಸುಮ್ನೆ ಕೂರುವುದು ಯಾಕೆ?

ಶಿರಸಿ ಎಂಎಸ್ಸಿ: ನಾಡಿದ್ದು ಸೆಮಿನಾರ್. ಹೊರಗೆ ಮಳೆ, ಕರೆಂಟಿಲ್ಲ. ಕೈನೇಸ್ ಅಂದರೆ ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಫಾಸ್ಫೇಟ್ ತೆಗೆದು ಬೇರೆ ಅಣುವಿಗೆ ಅಂಟಿಸುವ ಕಿಣ್ವ; ಪ್ರೋಟೀನ್ ಕೈನೇಸ್ ಅದನ್ನು ಪ್ರೋಟೀನಿಗೆ ಅಂಟಿಸುತ್ತದೆ. ಪ್ರೋಟೀನ್ ಕೈನೇಸ್‌ನಲ್ಲಿ ಎಟಿಪಿ ಕೂರಲು ಜಾಗ ಇದೆ ಅಲ್ವಾ? ಆದರೂ ಅದು ಯಾವಾಗಲೂ ಕೆಲಸ ಮಾಡುವುದಿಲ್ಲ ಯಾಕೆ?

ತೋಟದಮನೆ: ಅಜ್ಜನ ಕವಳದ ತಟ್ಟೆಯ ಅಡಕತ್ತರಿ ನೋಡು ತಂಗಿ. ಕೈನೇಸೂ ಹಾಗೇ. ಎರಡು ಭಾಗ, ನಡುವೆ ಕೀಲು, ಸಂದಿಯಲ್ಲಿ ಎಟಿಪಿ. ಬಾಯಿಯ ಹತ್ತಿರ ಒಂದು ಸಡಿಲ ಎಳೆ ಇದೆ, ಆಕ್ಟಿವೇಷನ್ ಲೂಪ್. ಎಷ್ಟೋ ಕೈನೇಸ್‌ಗಳಲ್ಲಿ ಅದಕ್ಕೆ ಫಾಸ್ಫೇಟ್ ಅಂಟಿದ ಮೇಲೇ ಎಳೆ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. 1991ರಲ್ಲಿ ರಚನೆ ಪ್ರಕಟವಾದ ಪಿಕೆಎ ಎಂಬ ಕೈನೇಸಿನಲ್ಲಿ ಫಾಸ್ಫೇಟ್ ಅಂಟುವ ಜಾಗ 197ನೇ ಅಮೈನೋ ಆಮ್ಲ, ಥ್ರಿಯೋನಿನ್.

ಕಾರವಾರದವ: ಪಿಕೆಎಗೆ ಆ ಫಾಸ್ಫೇಟ್ ಸಾಮಾನ್ಯವಾಗಿ ಮೊದಲೇ ಅಂಟಿರುತ್ತದೆ ಮಾರಾಯ್ರೆ! ಅದರ ಬಾಯಿ ಕಟ್ಟುವುದು ಇನ್ನೊಂದು ಪ್ರೋಟೀನ್. ಜೀವಕೋಶದೊಳಗಿನ ಸಂದೇಶದ ಅಣು ಸೈಕ್ಲಿಕ್ ಎಎಂಪಿ ಬಂದರೆ ಆ ಪ್ರೋಟೀನ್ ಹಿಡಿತ ಬಿಡುತ್ತದೆ.

ಶಿರಸಿ ಎಂಎಸ್ಸಿ: ಸೆಮಿನಾರಿಗೆ ಅಡಕತ್ತರಿ ಒಯ್ಯುತ್ತೇನೆ. ಅಜ್ಜ ಕೊಡಬೇಕಲ್ಲ!