ಅಡಿಕೆ ಗೋದಾಮಿಗೆ ಯಾವ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್? ಬಳಸಿದವರು ಹೇಳಿ

ಬದಿಯಡ್ಕ, ಅಡಿಕೆ ವ್ಯಾಪಾರ:
ನಮ್ಮ ಗೋದಾಮು 60 ಅಡಿ ಉದ್ದ, 40 ಅಡಿ ಅಗಲ. ಒಳಗೆ ಸಿಮೆಂಟ್ ನೆಲ, ಅಂಗಳಕ್ಕೆ ಇಂಟರ್‌ಲಾಕ್. 65 ಕೆಜಿಯ ಗೋಣಿಗಳು, ಈಗ ಎಲ್ಲವೂ ತಲೆಹೊರೆ. ಕಬ್ಬಿಣದ ರ್ಯಾಕ್ ಮಾಡಿಸಿ ಮೂರು ಹಂತದಲ್ಲಿ ಇಡುವ ಯೋಚನೆ ಇದೆ. ಡೀಸೆಲ್ ಗಾಡಿ ಬೇಡ, ಹೊಗೆಯ ವಾಸನೆ ಅಡಿಕೆಗೆ ಹಿಡಿಯುತ್ತದೆ. ದಿನಕ್ಕೆ ಹೆಚ್ಚೆಂದರೆ ಎರಡು ಲಾರಿ. ಮಾರುವವರೊಬ್ಬರು ಬಂದು, "3 ಟನ್ನಿನ ನಾಲ್ಕು ಚಕ್ರದ್ದೇ ತೆಗೊಳ್ಳಿ, ಮತ್ತೆ ತಲೆಬಿಸಿ ಇಲ್ಲ" ಎಂದರು. ಎಂತ ಮಾಡುವುದು?

ನೀರ್ಚಾಲು, ನಮ್ಮದೂ ಅಡಿಕೆಯೇ:
ಅಣ್ಣ, ಆ ತಲೆಬಿಸಿ ನಾನು ದುಡ್ಡು ಕೊಟ್ಟು ತೆಗೆದುಕೊಂಡವನು. ನಾಲ್ಕು ವರ್ಷದ ಹಿಂದೆ ಎರಡೂವರೆ ಟನ್ನಿನ ನಾಲ್ಕು ಚಕ್ರದ ಕೌಂಟರ್‌ಬ್ಯಾಲೆನ್ಸ್ ತಂದೆ. ಮುಂದೆ ಎತ್ತುವ ಭಾರಕ್ಕೆ ಸರಿದೂಗಲು ಹಿಂದೆ ತೂಕ ಇರುವ ಗಾಡಿ ಅದು. ಗಾಡಿ ಒಳ್ಳೆಯದೇ, ನಮ್ಮ ಗೋದಾಮು ಅದಕ್ಕೆ ಹೇಳಿದ್ದಲ್ಲ. ಪ್ಯಾಲೆಟ್, ಅಂದರೆ ಗೋಣಿ ಅಟ್ಟಿ ಇಡುವ ಹಲಗೆ, ಹಿಡಿದುಕೊಂಡು ರ್ಯಾಕ್ ನಡುವಿನ ಓಣಿಯಲ್ಲಿ ಅಡ್ಡ ತಿರುಗಿ ರ್ಯಾಕ್‌ಗೆ ಇಡಬೇಕಾದರೆ ಅದಕ್ಕೆ 12 ಅಡಿ ಬೇಕು. ನಿಮ್ಮ 40 ಅಡಿಯಲ್ಲಿ ಎರಡು ಓಣಿಗೇ 24 ಅಡಿ ಹೋಯಿತು. ಮತ್ತೆ ಅಡಿಕೆ ಎಲ್ಲಿಡುತ್ತೀರಿ? ನಮ್ಮ ವ್ಯಾಪಾರದಲ್ಲಿ ಹೊಸತು ಬೇರೆ, ಹಳತು ಬೇರೆ, ಡಬ್ಬಲ್ ಚೋಲ್ ಬೇರೆ, ಪಟೋರ, ಕರಿಗೋಟು ಬೇರೆ, ಹೀಗೆ ಒಂದೊಂದು ದರ್ಜೆಯ ಅಡಿಕೆಯೂ ಬೇರೆ. ಯಾವುದಕ್ಕೆ ಯಾವಾಗ ಗಿರಾಕಿ ಬರುತ್ತಾನೋ, ಅದಕ್ಕೆ ಆಗಲೇ ದಾರಿ ಇರಬೇಕು. ಒತ್ತಿ ಇಡಲಿಕ್ಕೆ ಆಗುವುದಿಲ್ಲ.

ಇನ್ನೊಂದು, ಬಾಗಿಲು. ನಮ್ಮದು ಏಳೂವರೆ ಅಡಿ. ಗಾಡಿಯ ಎತ್ತರ ಏಳು ಅಡಿ, ಹಾಗಾಗಿ ಸರಾಗ ಹೋಗುತ್ತದೆ ಎಂದುಕೊಂಡೆ. ಆಟಿ ತಿಂಗಳ ಒಂದು ಮಧ್ಯಾಹ್ನ, ಶಟರಿನ ಹಳಿ ದಾಟುವಾಗ ಪ್ಯಾಲೆಟ್ ತಾಗದಿರಲಿ ಎಂದು ಹುಡುಗ ಫೋರ್ಕನ್ನು, ಅಂದರೆ ಭಾರ ಹೊರುವ ಮುಂದಿನ ತೋಳುಗಳನ್ನು, ಎರಡಡಿ ಎತ್ತಿದ. ಫೋರ್ಕಿನ ಜೊತೆ ಮಾಸ್ಟಿನ, ಅಂದರೆ ಫೋರ್ಕ್ ಏರಿಳಿಯುವ ಚೌಕಟ್ಟಿನ, ಒಳಕಂಬವೂ ಮೇಲೆದ್ದು ಶಟರಿನ ಪೆಟ್ಟಿಗೆಗೆ ಹೊಡೆಯಿತು. ಮೇಲಿನ ಎರಡು ಗೋಣಿ ಜಾರಿ ಬಿದ್ದು ಒಡೆದವು. ಒದ್ದೆ ಇಂಟರ್‌ಲಾಕ್ ಮೇಲೆ ಚಾಲಿ ಅಡಿಕೆ ಗುಡುಗುಡು ಉರುಳಿ ಚರಂಡಿವರೆಗೆ ಹೋಯಿತು. ಮಳೆಗಾಲದಲ್ಲಿ ಅದನ್ನು ಪುನಃ ಒಣಗಿಸಿದ ಕಥೆ ಕೇಳಬೇಡಿ. ಫುಲ್ ಫ್ರೀ ಲಿಫ್ಟ್ ಎಂಬ ಮಾಸ್ಟ್ ಬರುತ್ತದೆ. ಅದರಲ್ಲಿ ಫೋರ್ಕ್ ಮೊದಲು ಸಾಕಷ್ಟು ಮೇಲೆ ಹೋಗುತ್ತದೆ, ಕಂಬ ಏಳುವುದು ಆಮೇಲೆ. ಬಾಗಿಲು ತಗ್ಗಾಗಿದ್ದರೆ ಅದನ್ನೇ ಕೇಳಿ.

ಟನ್ನಿನ ಲೆಕ್ಕಕ್ಕೆ ಮರುಳಾಗಬೇಡಿ. 15 ಗೋಣಿಯ ಪ್ಯಾಲೆಟ್ ಎಂದರೆ 975 ಕೆಜಿ, ಪ್ಯಾಲೆಟ್ ಸೇರಿದರೂ ಒಂದು ಟನ್ನಿನ ಆಸುಪಾಸು. ಆದರೆ ಗಾಡಿ ಮೇಲೆ ಬರೆದ ತೂಕ, ಭಾರದ ನಡು ಫೋರ್ಕಿನ ಬುಡದಿಂದ 500 ಮಿಲಿಮೀಟರ್ ದೂರ ಇದ್ದಾಗಿನದ್ದು. ಪ್ಯಾಲೆಟ್ ಉದ್ದವಾದರೆ, ಗೋಣಿ ಹೊರಗೆ ಉಬ್ಬಿದರೆ, ಎತ್ತರ ಜಾಸ್ತಿಯಾದರೆ ಅದು ಇಳಿಯುತ್ತದೆ. ಹಾಗಾಗಿ ಒಂದೂವರೆ ಟನ್ನಿನ ಗಾಡಿ ನೋಡಿ, ಮೂರನೇ ಹಂತದ ಎತ್ತರಕ್ಕೆ ಎಷ್ಟು ಕೆಜಿ ಎಂದು ಗಾಡಿಯ ಫಲಕ ಓದಿ.

ನನ್ನನ್ನು ಕೇಳಿದರೆ, ಲಾರಿ ನಿಲ್ಲುವುದು ಅಂಗಳದಲ್ಲೇ ಆದರೆ ಮೂರು ಚಕ್ರದ ಕೌಂಟರ್‌ಬ್ಯಾಲೆನ್ಸ್, ಘನ ರಬ್ಬರ್ ಟಯರಿನದ್ದು. ಹತ್ತೂವರೆ ಹನ್ನೊಂದು ಅಡಿ ಓಣಿ ಸಾಕು. ಅಂಗಳ ಇಳಿಜಾರಾಗಿದ್ದರೆ ಮಾತ್ರ ಬೇಡ. ಅಡ್ಡ ವಾಲಿದಾಗ ಮೂರು ಚಕ್ರ ನಾಲ್ಕರಷ್ಟು ಗಟ್ಟಿ ನಿಲ್ಲುವುದಿಲ್ಲ.

ಹೊಸಂಗಡಿ:
ರೀಚ್ ಟ್ರಕ್, ಅಂದರೆ ಫೋರ್ಕನ್ನು ಮುಂದಕ್ಕೆ ಚಾಚಿ ರ್ಯಾಕ್‌ಗೆ ಇಡುವ ಗಾಡಿ, ಎಂದು ಯಾರಾದರೂ ಹೇಳಿದರೆ ಕೈ ಮುಗಿಯಿರಿ. ಒಂಬತ್ತು ಅಡಿ ಓಣಿಯಲ್ಲಿ ತಿರುಗುತ್ತದೆ, ನಿಜ. ಆದರೆ ಅದರ ಸಣ್ಣ ಪಾಲಿಯುರೆಥೇನ್ ಚಕ್ರಗಳಿಗೆ ಕನ್ನಡಿಯಂತಹ ನೆಲ ಬೇಕು. ಇಂಟರ್‌ಲಾಕ್ ಮೇಲೆ ಇಳಿಸಿದರೆ ಕಥೆ ಮುಗಿಯಿತು. ಅದು ಎತ್ತರದ ದೊಡ್ಡ ಗೋದಾಮಿನ ಸಾಮಾನು.

ಕುಂಬಳೆ, ಗೋಡಂಬಿ ಕಾರ್ಖಾನೆಯ ಮೆಕ್ಯಾನಿಕ್:
ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ, ಅಲ್ವಾ? ದಿನಕ್ಕೆ ಎರಡು ಲಾರಿಗೆ ಲೆಡ್ ಆಸಿಡ್ ಸಾಕು. ರಾತ್ರಿ ಎಂಟು ತಾಸು ಚಾರ್ಜ್, ಹಗಲು ಕೆಲಸ. 20 ಶೇಕಡಾಕ್ಕಿಂತ ಕೆಳಗೆ ಇಳಿಸಬೇಡಿ. ಡಿಸ್ಟಿಲ್ಡ್ ನೀರು ಹಾಕುವುದು ಚಾರ್ಜ್ ಆದ ಮೇಲೆ. ನಮ್ಮಲ್ಲಿ ಹೊಸ ಹುಡುಗ ಮೊದಲೇ ತುಂಬಿಸಿಟ್ಟ. ಚಾರ್ಜ್ ಆಗುತ್ತಾ ದ್ರವ ಉಬ್ಬಿ ಮುಚ್ಚಳದಿಂದ ಹೊರಗೆ ಬಂತು. ಬೆಳಗ್ಗೆ ನೋಡಿದರೆ ಟ್ರೇ ತುಂಬ ಆಸಿಡ್, ಕೇಬಲಿನ ತುದಿಗೆ ಹಸಿರು ಹುಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ 4 ಶೇಕಡಾ ಸೇರಿದರೆ ಒಂದು ಕಿಡಿ ಸಾಕು. ಗೋಣಿ ರಾಶಿಯಿಂದ ದೂರ, ಗಾಳಿ ಓಡುವ ಕಡೆ ಚಾರ್ಜಿಂಗ್ ಜಾಗ ಮಾಡಿ.

ಲಿಥಿಯಂಗೆ ನೀರಿನ ಗೋಜಿಲ್ಲ, ಊಟದ ಹೊತ್ತಿಗೆ ಒಂದು ಗಂಟೆ ಸಿಕ್ಕಿಸಿದರೂ ಆಗುತ್ತದೆ. ಆದರೆ ರೇಟು ಜಾಸ್ತಿ. ಸೆಕೆಂಡ್ ಹ್ಯಾಂಡ್ ಗಾಡಿಗೆ ಸುಮ್ನೆ ಹಗುರದ ಬ್ಯಾಟರಿ ಕೂರಿಸುವ ಬುದ್ಧಿ ಮಾತ್ರ ಮಾಡಬೇಡಿ. ಕೌಂಟರ್‌ಬ್ಯಾಲೆನ್ಸ್ ಗಾಡಿಯಲ್ಲಿ ಬ್ಯಾಟರಿಯ ಭಾರವೇ ಹಿಂದಿನ ತೂಕದ ಒಂದು ಪಾಲು. ಅದು ಕಡಿಮೆಯಾದರೆ ಹಿಂದಿನ ಚಕ್ರ ಏಳುತ್ತದೆ. ತ್ರೀ ಫೇಸ್ ಇದೆಯಾ ಎಂದೂ ನೋಡಿಕೊಳ್ಳಿ. ದೊಡ್ಡ ಗಾಡಿಗಳ ಚಾರ್ಜರ್ ಹೆಚ್ಚಾಗಿ ಅದನ್ನೇ ಕೇಳುತ್ತದೆ.

ಮುಳ್ಳೇರಿಯ:
ನಾನು ಫೋರ್ಕ್‌ಲಿಫ್ಟೇ ತೆಗೊಳ್ಳಲಿಲ್ಲ. ಜೊತೆಗೆ ನಡೆದುಕೊಂಡೇ ಓಡಿಸುವ, ಪ್ಯಾಲೆಟ್ ಎತ್ತಿಡುವ ಸಣ್ಣ ಗಾಡಿ, ಎಲೆಕ್ಟ್ರಿಕ್ ಸ್ಟ್ಯಾಕರ್ ತಂದೆ. ಎಂಟಡಿ ಓಣಿ ಸಾಕು, 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಚಾರ್ಜ್. ಅಂಗಳಕ್ಕೆ ಇಳಿಸುವ ಹಾಗಿಲ್ಲ. ಅದಕ್ಕೆ ಬಾಗಿಲ ಹತ್ತಿರ ಲಾರಿಯ ಮಟ್ಟಕ್ಕೆ ಒಂದು ಕಟ್ಟೆ ಕಟ್ಟಿಸಿದೆ. ಹೇಗೂ ನಮ್ಮ ಅಡಿಕೆ ಪ್ಯಾಲೆಟ್ ಸಮೇತ ಲಾರಿ ಹತ್ತುವುದಿಲ್ಲ, ಒಂದೊಂದೇ ಗೋಣಿ ಅಟ್ಟಿ ಹಾಕಲೇಬೇಕು. ಒಂದು ಪೆಟ್ಟು ತಿಂದೆ. ಅಡಿಯಲ್ಲೂ ಹಲಗೆ ಹೊಡೆದ ಪ್ಯಾಲೆಟ್ ತರಿಸಿದ್ದೆ, ಸ್ಟ್ಯಾಕರಿನ ಮುಂದಿನ ಕಾಲು ಅದರೊಳಗೆ ಹೋಗಲೇ ಇಲ್ಲ. 40 ಪ್ಯಾಲೆಟಿನ ಅಡಿಹಲಗೆ ಕೀಳಿಸಿದೆ.

ಮತ್ತೆ ಮಾರಾಯ್ರೆ, ಗಾಡಿ ಬರುವ ಮೊದಲು ಲೋಡಿಂಗ್‌ನವರ ಹತ್ತಿರ ಕೂತು ಮಾತಾಡಿ. ಇಲ್ಲಿ ಕೇರಳದಲ್ಲಿ 1978ರ ಹೆಡ್‌ಲೋಡ್ ಕಾರ್ಮಿಕರ ಕಾಯ್ದೆ ಇದೆ, ಕೆಲಸ ಅವರದ್ದೂ ಹೌದು. ಲಾರಿಗೆ ಅಟ್ಟಿ ಹಾಕುವುದು ಅವರು, ಒಳಗೆ ಎತ್ತಿಡುವುದು ಗಾಡಿ ಎಂದು ನಾವು ಮೊದಲೇ ಮಾತಾಡಿಕೊಂಡೆವು. ಬೆನ್ನು ನೋವಿದ್ದ ಇಬ್ಬರು ಹಿರಿಯರಿಗೇ ಸ್ಟ್ಯಾಕರ್ ಕಲಿಸಿದೆ. ಈಗ ಅದನ್ನು ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ!

ಬದಿಯಡ್ಕ, ಕೇಳಿದವನು:
ಎಲ್ಲರಿಗೂ ಉಪಕಾರ. ಇವತ್ತು ಟೇಪ್ ಹಿಡಿದು ಅಳೆದೆ. ಬಾಗಿಲು ಎಂಟಡಿ ಎಂದುಕೊಂಡಿದ್ದೆ, ಶಟರ್ ಸುತ್ತಿದ ಮೇಲೆ ಉಳಿಯುವುದು ಏಳು ಅಡಿ ಮೂರು ಇಂಚು. ಅಂಗಳದಲ್ಲಿ ಒಂದು ಗೋಟಡಿಕೆ ಬಿಟ್ಟು ನೋಡಿದೆ, ಗೇಟಿನವರೆಗೆ ತಾನೇ ಹೋಯಿತು. ಮೂರು ಚಕ್ರದ ಆಸೆ ಅಲ್ಲಿಗೇ ಬಿಟ್ಟೆ. ನಾಡಿದ್ದು ಮೇಸ್ತ್ರಿ ಬರುತ್ತಾನೆ, ಕಟ್ಟೆಯ ಲೆಕ್ಕ ಕೇಳುತ್ತೇನೆ. ಸ್ಟ್ಯಾಕರನ್ನು ಒಂದು ತಿಂಗಳು ಬಾಡಿಗೆಗೆ ತಂದು ನೋಡುವುದೆಂದು ಇದ್ದೇನೆ. ಮುಳ್ಳೇರಿಯದ ಅಣ್ಣ, ನಿಮ್ಮ ಕಟ್ಟೆಯ ಎತ್ತರ ಎಷ್ಟು?

ಮುಳ್ಳೇರಿಯ:
ನಾಲ್ಕು ಅಡಿ. ಆದರೆ ನಿಮ್ಮಲ್ಲಿಗೆ ಬರುವ ಲಾರಿಯನ್ನು ಖಾಲಿ ಇದ್ದಾಗ ಅಳೆಯಿರಿ, ತುಂಬಿದ ಮೇಲೂ ಅಳೆಯಿರಿ.